ಕಾಫಿ ಯಂತ್ರದ ರೇಟು, ಗಡಿಯಾಚೆಯ ವಾರಂಟಿ



ಓಣಂ ಹತ್ತಿರ ಬಂತೆಂದರೆ ನಮ್ಮ ಕಾಸರಗೋಡಿನ ಶಾಲೆಗಳ ಸ್ಟಾಫ್ ರೂಮುಗಳಲ್ಲಿ ಎರಡೇ ಮಾತು. ಬೋನಸ್ ಎಷ್ಟು ಬರುತ್ತದೆ, ಬಂದದ್ದರಲ್ಲಿ ಏನು ತೆಗೆದುಕೊಳ್ಳುವುದು. ಒಂದು ಕಾಲಕ್ಕೆ ಅದು ಮಿಕ್ಸಿ ಆಗಿತ್ತು, ಆಮೇಲೆ ವಾಷಿಂಗ್ ಮೆಷಿನ್, ಆಮೇಲೆ ಮೊಬೈಲ್. ಈಗ ಕೆಲವರ ಪಟ್ಟಿಯಲ್ಲಿ ಎಸ್ಪ್ರೆಸ್ಸೊ ಕಾಫಿ ಯಂತ್ರವೂ ಸೇರಿದೆ! ಬೆಂಗಳೂರಿನಲ್ಲಿರುವ ಮಗಳು ಹೇಳಿದಳು, ದುಬೈಯಿಂದ ಬಂದ ಭಾವ ತೋರಿಸಿದರು, ಮೊಬೈಲಿನಲ್ಲಿ ಜಾಹೀರಾತು ಬಂತು... ಕಾರಣ ಏನೇ ಇರಲಿ, ಆಸೆ ಹುಟ್ಟಿದೆ.

ಈ ಆಸೆಯನ್ನು ತಮಾಷೆ ಮಾಡುವವರೂ ಇದ್ದಾರೆ. "ಕನ್ನಡ ಮಾಸ್ತರರಿಗೆ ಇಟಲಿಯ ಕಾಫಿ ಯಾಕೆ ಮಾರಾಯ್ರೆ, ಮನೆಯಲ್ಲಿ ಫಿಲ್ಟರ್ ಇಲ್ಲವಾ?" ಎಂದು ಕೇಳುತ್ತಾರೆ. ನನಗೆ ಈ ಮಾತು ಹಿಡಿಸುವುದಿಲ್ಲ. ಗಡಿನಾಡಿನಲ್ಲಿ ಕನ್ನಡ ಕಲಿಸುವವರು ಬಡತನದ ವ್ರತ ಹಿಡಿದವರಲ್ಲ. ದುಡಿದ ಹಣದಲ್ಲಿ ದಿನಕ್ಕೊಂದು ಒಳ್ಳೆಯ ಕಾಫಿ ಕುಡಿಯಬೇಕು ಅನ್ನಿಸಿದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆದರೆ "ಒಳ್ಳೆ ರೇಟಿಗೆ ಸಿಕ್ಕಿತು" ಎಂಬ ಮಾತಿನ ಬಗ್ಗೆ ನನ್ನದೊಂದು ತಕರಾರು ಉಂಟು. ಒಳ್ಳೆಯ ರೇಟು ಎಂದರೆ ಕಡಿಮೆ ರೇಟು ಅಲ್ಲ. ಒಂದು ರಾಜ್ಯದಲ್ಲಿ ಮನೆ, ಇನ್ನೊಂದು ರಾಜ್ಯದಲ್ಲಿ ಪೇಟೆ ಇಟ್ಟುಕೊಂಡು ಬದುಕುವ ನಮ್ಮಂಥವರಿಗಂತೂ ಅಲ್ಲವೇ ಅಲ್ಲ. ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮದುವೆ ಮಂಟಪದ ಎಸ್ಪ್ರೆಸ್ಸೊ, ಇಟಲಿಯ ಎಸ್ಪ್ರೆಸ್ಸೊ

ಮೊದಲು ಹೆಸರಿನ ಗೊಂದಲ. ನಮ್ಮ ಕಡೆ ಮದುವೆ ಮಂಟಪಗಳಲ್ಲಿ, ರೈಲ್ವೆ ಸ್ಟೇಷನ್ನುಗಳಲ್ಲಿ ದೊಡ್ಡ ಸ್ಟೀಲಿನ ಯಂತ್ರದಿಂದ ಬುಸ್ಸೆಂದು ಹಬೆ ಬಿಟ್ಟು ಹಾಲಿಗೆ ನೊರೆ ಬರಿಸುತ್ತಾರೆ. ಇನ್‌ಸ್ಟಂಟ್ ಪುಡಿ ಬೆರೆಸಿ, ಮೇಲೆ ಚಿಟಿಕೆ ಚಾಕೊಲೇಟ್ ಪುಡಿ ಉದುರಿಸಿ ಕೊಡುತ್ತಾರೆ. ಅದಕ್ಕೆ ನಾವು ಎಸ್ಪ್ರೆಸ್ಸೊ ಅನ್ನುತ್ತೇವೆ. ರುಚಿಯಾಗಿಯೇ ಇರುತ್ತದೆ, ನಾನೂ ಎರಡೆರಡು ಲೋಟ ಕುಡಿದಿದ್ದೇನೆ. ಆದರೆ ಇಟಲಿಯವರ ಎಸ್ಪ್ರೆಸ್ಸೊ ಅದಲ್ಲ. ನುಣ್ಣಗೆ ಬೀಸಿದ ಕಾಫಿ ಪುಡಿಯನ್ನು ಲೋಹದ ಬಟ್ಟಲಿನಲ್ಲಿ ಒತ್ತಿ ಕೂರಿಸಿ, 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ಅದರೊಳಗಿಂದ ಹಾಯಿಸಬೇಕು. 18 ಗ್ರಾಂ ಪುಡಿಗೆ ಸುಮಾರು 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕು. ಈಗ ಎಲ್ಲ ಕಡೆ ಹೇಳುವ ಸಾಮಾನ್ಯ ಲೆಕ್ಕ ಇದು.

9 ಬಾರ್ ಅಂದರೆ ಎಷ್ಟು? 300 ಅಡಿಯ ಕೊಳವೆಬಾವಿಯ ತುಂಬ ನೀರು ನಿಂತಿದ್ದರೆ ತಳದಲ್ಲಿ ಎಷ್ಟು ಒತ್ತಡ ಇರುತ್ತದೋ ಹೆಚ್ಚುಕಡಿಮೆ ಅಷ್ಟು. ಅಷ್ಟನ್ನು ಅಡುಗೆಮನೆಯ ಕಟ್ಟೆಯ ಮೇಲಿನ ಒಂದು ಡಬ್ಬಿ ಕೊಡಬೇಕು! ಅದು ಸುಲಭದಲ್ಲಿ ಆದ ಕೆಲಸವಲ್ಲ. 1884ರಲ್ಲಿ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಮೊದಲ ಪೇಟೆಂಟ್ ಪಡೆದರು. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಅದನ್ನು ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು ಕೊಡುವ ಯಂತ್ರವಾಗಿಸಿದರು. ಎರಡೂ ಹಬೆಯ ಬಲದಲ್ಲಿ ನಡೆಯುವಂಥವು, ಒತ್ತಡ ಕಡಿಮೆ. ಅಕಿಲ್ಲೆ ಗಾಜಿಯಾ 1938ರಲ್ಲಿ ಪೇಟೆಂಟ್ ಪಡೆದು, ಯುದ್ಧ ಮುಗಿದ ಮೇಲೆ ಸನ್ನೆಕೋಲಿನ ಯಂತ್ರ ತಂದ ನಂತರವೇ ಕಾಫಿಯ ಮೇಲೆ ಆ ಹೊಂಬಣ್ಣದ ಕೆನೆ ಕಾಣಿಸಿಕೊಂಡಿತು. 1961ರಲ್ಲಿ ಫಾಯೆಮಾ ಕಂಪನಿಯ ಇ-61 ಯಂತ್ರ ಬಂದು ವಿದ್ಯುತ್ ಪಂಪು ಆ ಕೆಲಸ ವಹಿಸಿಕೊಂಡಿತು.

ಈ ಚರಿತ್ರೆ ಹೇಳಿದ್ದಕ್ಕೆ ಕಾರಣ ಉಂಟು. ಇವತ್ತು ಪೇಟೆಯಲ್ಲಿ ನಾಲ್ಕೈದು ಸಾವಿರಕ್ಕೆ "ಎಸ್ಪ್ರೆಸ್ಸೊ ಮೇಕರ್" ಎಂದು ಸಿಗುವ ಯಂತ್ರಗಳು ಹೆಚ್ಚಿನವು ಪಂಪಿಲ್ಲದವು. ನೀರು ಕುದಿದು ಬಂದ ಹಬೆಯೇ ನೀರನ್ನು ಪುಡಿಯ ಮೂಲಕ ತಳ್ಳುತ್ತದೆ. ಡಬ್ಬದ ಮೇಲೆ 3.5 ಬಾರ್, 4 ಬಾರ್ ಎಂದು ಬರೆದಿದ್ದರೆ ಅದು ಈ ಜಾತಿಯದ್ದು ಎಂದು ತಿಳಿಯಿರಿ. ಅಂದರೆ ನೀವು ಕೊಳ್ಳುತ್ತಿರುವುದು ಗಾಜಿಯಾಗಿಂತ ಹಿಂದಿನ ಕಾಲದ ತತ್ತ್ವವನ್ನು. ನೀರು ವಿಪರೀತ ಕಾದು ಕಾಫಿ ಕಹಿಯಾಗುತ್ತದೆ, ಕೆನೆ ನಿಲ್ಲುವುದಿಲ್ಲ. ಇದಕ್ಕಿಂತ 1933ರಲ್ಲಿ ಇಟಲಿಯಲ್ಲಿ ಹುಟ್ಟಿದ, ಒಲೆಯ ಮೇಲಿಡುವ ಮೋಕಾ ಪಾತ್ರೆ ಸಾವಿರ, ಎರಡು ಸಾವಿರದೊಳಗೆ ಸಿಗುತ್ತದೆ. ಹಾಳಾಗುವ ಭಾಗವೆಂದರೆ ಒಂದು ರಬ್ಬರ್ ಬಳೆ ಮಾತ್ರ!

ಬಾರ್ ಸಂಖ್ಯೆಯ ಮೋಹ

ಇನ್ನು ಪಂಪಿರುವ ಯಂತ್ರಗಳು. ಇವು ಎಂಟು, ಹತ್ತು ಸಾವಿರದಿಂದ ಶುರುವಾಗಿ ಲಕ್ಷದಾಚೆಗೂ ಹೋಗುತ್ತವೆ. ಇಲ್ಲಿ ಜಾಹೀರಾತಿನವರ ಆಟ ಬೇರೆ. ಒಬ್ಬ 15 ಬಾರ್ ಅಂದರೆ ಇನ್ನೊಬ್ಬ 20 ಬಾರ್ ಅನ್ನುತ್ತಾನೆ. ಆ ಸಂಖ್ಯೆ ಪಂಪು ಗರಿಷ್ಠ ಎಷ್ಟು ಕೊಡಬಲ್ಲದು ಎಂಬುದು. ಕಾಫಿಗೆ ಬೇಕಾದದ್ದು ಸುಮಾರು 9 ಮಾತ್ರ. ಸ್ಪೀಡೋಮೀಟರಿನಲ್ಲಿ 160 ಬರೆದಿದೆ ಎಂದು ಸ್ಕೂಟರ್ ಕೊಳ್ಳುತ್ತೇವೆಯೇ? 20 ಬಾರಿಗಾಗಿ ಎರಡು ಸಾವಿರ ಹೆಚ್ಚು ಕೊಡಬೇಡಿ.

ಹಣ ಹೋಗಬೇಕಾದದ್ದು ಎರಡು ಕಡೆ. ಒಂದು, ನೀರಿನ ಬಿಸಿಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ವ್ಯವಸ್ಥೆ. ಎರಡು, ಕಾಫಿ ಬೀಸುವ ಗ್ರೈಂಡರ್. ಈ ಎರಡನೆಯದನ್ನು ಅಂಗಡಿಯವರು ಹೇಳುವುದೇ ಇಲ್ಲ. ಪುಡಿ ತುಸು ತರಿಯಾದರೆ ನೀರು ಹತ್ತೇ ಸೆಕೆಂಡಿನಲ್ಲಿ ಓಡಿಬಿಡುತ್ತದೆ, ತೀರಾ ನುಣ್ಣಗಾದರೆ ತೊಟ್ಟಿಕ್ಕುವುದೂ ಇಲ್ಲ. ಮಿಕ್ಸಿಯಲ್ಲಿ ತಿರುಗಿಸಿದರೆ ಧೂಳೂ ಕಲ್ಲೂ ಒಟ್ಟಿಗೆ ಬರುತ್ತವೆ. ಆದ್ದರಿಂದ ಹದಿನೈದು ಸಾವಿರ ಇದ್ದರೆ ಅಷ್ಟನ್ನೂ ಯಂತ್ರಕ್ಕೆ ಸುರಿಯಬೇಡಿ. ಹತ್ತರ ಯಂತ್ರ, ಐದರ ಕೈ ಗ್ರೈಂಡರ್ ತೆಗೆದುಕೊಂಡರೆ ಹದಿನೈದರ ಯಂತ್ರಕ್ಕಿಂತ ಒಳ್ಳೆಯ ಕಾಫಿ ಕುಡಿಯಬಹುದು.

ಗ್ರೈಂಡರ್ ಬೇಡ, ಬೀಸಿದ ಪುಡಿಯೇ ಸಾಕು ಎನ್ನುವವರಿಗೂ ದಾರಿ ಉಂಟು. ಕಡಿಮೆ ಬೆಲೆಯ ಹೆಚ್ಚಿನ ಯಂತ್ರಗಳಲ್ಲಿ ತಳಕ್ಕೆ ಎರಡು ಪದರ ಇರುವ, ಹೊರಗಿನ ಪದರದಲ್ಲಿ ಒಂದೇ ತೂತಿರುವ ಬಟ್ಟಲು ಬರುತ್ತದೆ. ಪುಡಿ ಹೇಗಿದ್ದರೂ ಅದು ನೊರೆ ತರಿಸುತ್ತದೆ. ಆದರೆ ಆ ನೊರೆ ತೂತಿನ ಕರಾಮತ್ತು, ಕಾಫಿಯ ಗುಣವಲ್ಲ. ಮುಂದೆ ಗ್ರೈಂಡರ್ ಕೊಂಡಾಗ ಹಾಕಿಕೊಳ್ಳಲು ಒಂಟಿ ಪದರದ ಬಟ್ಟಲೂ ಸಿಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ.

ಇನ್ನೊಂದು ಮಾತು. ನಮ್ಮ ಮನೆಗಳ ಕಾಫಿ ಪುಡಿಯಲ್ಲಿ ಚಿಕೋರಿ ಇರುತ್ತದೆ. ಫಿಲ್ಟರಿನಲ್ಲಿ ಅದು ಡಿಕಾಕ್ಷನ್ನಿಗೆ ಮೈ ಕೊಡುತ್ತದೆ, ಸರಿ. ಎಸ್ಪ್ರೆಸ್ಸೊ ಯಂತ್ರದಲ್ಲಿ ಅದು ಅಂಟಾಗಿ ಜಾಲರಿಯನ್ನು ಕಟ್ಟಿಸಿಬಿಡುತ್ತದೆ. ಯಂತ್ರಕ್ಕೆ ಚಿಕೋರಿ ಇಲ್ಲದ, ಹುರಿದ ತಾರೀಕು ಬರೆದ ಪುಡಿಯೋ ಬೀಜವೋ ಬೇಕು.

ಎಂಟನೆಯ ತರಗತಿಯ ಲೆಕ್ಕ

ಈ ವಿಷಯವನ್ನು ನಾನು ತರಗತಿಗೂ ತೆಗೆದುಕೊಂಡು ಹೋದೆ. ಎಂಟನೆಯವರಿಗೆ ಏಕಾಂಶ ಬೆಲೆಯ ಲೆಕ್ಕ ಮಾಡಿಸುವಾಗ ಪೆನ್ಸಿಲ್, ಬಾಳೆಹಣ್ಣು ಬಿಟ್ಟು ಕಾಫಿ ಯಂತ್ರ ಕೊಟ್ಟೆ. ಬೆಲೆಗಳು ಉದಾಹರಣೆಗೆ ಹಿಡಿದವು, ನಿಮ್ಮ ಊರಿನ ಬೆಲೆ ಹಾಕಿ ನೀವೂ ಮಾಡಿ ನೋಡಬಹುದು.

ದಿನಕ್ಕೆ ಎರಡು ಬಟ್ಟಲು ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 730. ಯಂತ್ರಕ್ಕೆ 12,000 ರೂಪಾಯಿ. ಅದು ಐದು ವರ್ಷ ಬಂದರೆ 3,650 ಬಟ್ಟಲು, ಬಟ್ಟಲಿಗೆ ಯಂತ್ರದ ಖರ್ಚು 3 ರೂಪಾಯಿ 29 ಪೈಸೆ. ಒಂದೂವರೆ ವರ್ಷಕ್ಕೇ ಕೈಕೊಟ್ಟರೆ 1,095 ಬಟ್ಟಲು, ಬಟ್ಟಲಿಗೆ ಸುಮಾರು 11 ರೂಪಾಯಿ. 4,500ರ ಹಬೆ ಯಂತ್ರ ತಂದು, ರುಚಿ ಹಿಡಿಸದೆ ಮೂವತ್ತು ಬಟ್ಟಲಿಗೇ ಅಟ್ಟಕ್ಕೆ ಹಾಕಿದರೆ? ಬಟ್ಟಲಿಗೆ 150 ರೂಪಾಯಿ! 600 ರೂಪಾಯಿಯ ಸ್ಟೀಲ್ ಫಿಲ್ಟರ್ ಹತ್ತು ವರ್ಷ ಬಂದರೆ ಬಟ್ಟಲಿಗೆ 8 ಪೈಸೆ.

ಇನ್ನು ಪುಡಿಯ ಖರ್ಚು. ಬೀಜ ಕಿಲೋಗೆ 1,000 ರೂಪಾಯಿ ಎಂದರೆ 18 ಗ್ರಾಮಿಗೆ 18 ರೂಪಾಯಿ, ವರ್ಷಕ್ಕೆ 13,140. ಕ್ಯಾಪ್ಸೂಲ್ ಯಂತ್ರವಾದರೆ ಗುಳಿಗೆಯೊಂದಕ್ಕೆ 45 ಎಂದು ಹಿಡಿಯಿರಿ, ವರ್ಷಕ್ಕೆ 32,850. ಕ್ಯಾಪ್ಸೂಲಿನ ಯಂತ್ರ ಅಗ್ಗಕ್ಕೆ ಸಿಗುವುದು ಯಾಕೆಂದು ಈ ಲೆಕ್ಕ ಮಾಡಿದ ಮೇಲೆ ಮಕ್ಕಳಿಗೆ ಹೇಳಿಕೊಡಬೇಕಾಗಲಿಲ್ಲ. ಫಿಲ್ಟರ್ ಪುಡಿ ಕಿಲೋಗೆ 700, ಲೋಟಕ್ಕೆ 10 ಗ್ರಾಂ ಎಂದರೆ ವರ್ಷಕ್ಕೆ 5,110.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಐದು ವರ್ಷ ಬರುತ್ತದೆ ಎಂದು ಯಾರು ಹೇಳಿದ್ದು?"

ಪ್ರಶ್ನೆ ಎಂದರೆ ಇದು. ಲೆಕ್ಕದಲ್ಲಿ ಬೇರೆಲ್ಲ ಸಂಖ್ಯೆಯೂ ಡಬ್ಬದ ಮೇಲೋ ಬಿಲ್ಲಿನಲ್ಲೋ ಸಿಗುತ್ತದೆ. ಎಷ್ಟು ವರ್ಷ ಬರುತ್ತದೆ ಎಂಬುದು ಮಾತ್ರ ಎಲ್ಲೂ ಬರೆದಿರುವುದಿಲ್ಲ. 3 ರೂಪಾಯಿಯನ್ನು 11 ಮಾಡುವುದು ಅದೇ. ಅದು ನಿರ್ಧಾರವಾಗುವುದು ಯಂತ್ರ ಹಾಳಾದಾಗ ಅದನ್ನು ಯಾರು, ಎಲ್ಲಿ, ಎಷ್ಟಕ್ಕೆ ಸರಿಮಾಡುತ್ತಾರೆ ಎಂಬುದರಿಂದ.

ವಾರಂಟಿ ಎಲ್ಲಿಯವರೆಗೆ?

ಇಲ್ಲೇ ನೋಡಿ ಗಡಿನಾಡಿನವರ ಪಾಡು ಬೇರೆಯಾಗುವುದು. ಮಂಜೇಶ್ವರ, ಕುಂಬಳೆ, ಬದಿಯಡ್ಕದವರಿಗೆ ದೊಡ್ಡ ಪೇಟೆ ಎಂದರೆ ಮಂಗಳೂರು. ರಾಯದುರ್ಗದವರಿಗೆ ಬಳ್ಳಾರಿ, ಹೊಸೂರಿನವರಿಗೆ ಬೆಂಗಳೂರು, ತಾಳವಾಡಿಯವರಿಗೆ ಚಾಮರಾಜನಗರ. ಕೊಳ್ಳುವುದು ಆಚೆ, ಬಳಸುವುದು ಈಚೆ. ಕೊಳ್ಳುವಾಗ ಯಾರೂ ಗಡಿ ನೋಡುವುದಿಲ್ಲ, ಹಾಳಾದಾಗ ಎಲ್ಲರೂ ನೋಡುತ್ತಾರೆ! "ನಿಮ್ಮದು ಕೇರಳದ ವಿಳಾಸ, ಕಣ್ಣೂರಿಗೆ ಹೇಳಿ" ಎಂದು ಒಬ್ಬರು, "ಬಿಲ್ಲು ಮಂಗಳೂರಿನದ್ದು, ಅಲ್ಲೇ ಕೇಳಿ" ಎಂದು ಇನ್ನೊಬ್ಬರು. ನಮ್ಮಲ್ಲಿ ಮಿಕ್ಸಿ, ಫ್ರಿಜ್ಜುಗಳ ವಿಷಯದಲ್ಲಿ ಈ ಅನುಭವ ಆಗದ ಮನೆ ಕಡಿಮೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಆದ್ದರಿಂದ ಕೊಳ್ಳುವ ಮೊದಲು ಮೂರು ಕೆಲಸ ಮಾಡಿ.

ಮೊದಲನೆಯದು, ವಾರಂಟಿ ಯಾರದ್ದು ಎಂದು ನೋಡಿ. ತಯಾರಕರ ಅಥವಾ ಅಧಿಕೃತ ಆಮದುದಾರರ ವಾರಂಟಿ ಬೇರೆ, ಅಂಗಡಿಯವನ ವಾರಂಟಿ ಬೇರೆ. ಅಂಗಡಿಯವನದ್ದಾದರೆ ಅವನ ಬಾಗಿಲಿಗೇ ಹೊತ್ತುಕೊಂಡು ಹೋಗಬೇಕು. ಆನ್‌ಲೈನಿನಲ್ಲಿ ಎಷ್ಟೋ ವಿದೇಶಿ ಯಂತ್ರಗಳು ಅಗ್ಗಕ್ಕೆ ಸಿಗುವುದು ಅವು ಅಧಿಕೃತ ದಾರಿಯಲ್ಲಿ ಬಂದವಲ್ಲ ಎಂಬ ಕಾರಣಕ್ಕೆ. ಡಬ್ಬದ ಮೇಲೆ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಬೆಲೆ, ದೂರಿಗೆ ಫೋನ್ ಸಂಖ್ಯೆ ಇರಲೇಬೇಕೆಂದು ನಿಯಮ ಇದೆ. ಅದಿಲ್ಲದಿದ್ದರೆ ಬಿಡಿ.

ಎರಡನೆಯದು, ಕಂಪನಿಯ ಸೇವಾ ಸಂಖ್ಯೆಗೆ ಫೋನ್ ಮಾಡಿ, 671ರಿಂದ ಶುರುವಾಗುವ ನಮ್ಮ ಪಿನ್ ಕೋಡ್ ಹೇಳಿ, ಮನೆಗೆ ಬಂದು ಸರಿಮಾಡುತ್ತೀರಾ, ಇಲ್ಲ ನಾವೇ ತರಬೇಕಾ ಎಂದು ಕೇಳಿ. ಕೊಂಡ ಮೇಲೆ ಅಲ್ಲ, ಕೊಳ್ಳುವ ಮೊದಲು. ಉತ್ತರ ತೊದಲಿದರೆ ಆ ಯಂತ್ರದ ರಿಯಾಯಿತಿ ನಿಮಗಲ್ಲ.

ಮೂರನೆಯದು, ರಿಯಾಯಿತಿಯನ್ನು ಗರಿಷ್ಠ ಬೆಲೆಯಿಂದ ಅಳೆಯಬೇಡಿ. ಆ ಬೆಲೆಯನ್ನು ಬರೆಯುವುದು ಸರಕಾರವಲ್ಲ, ಮಾರುವವರ ಕಡೆಯವರೇ. 25,000 ಎಂದು ಬರೆದು 60 ಶೇಕಡಾ ಕಡಿತ ಎಂದರೆ 10,000 ಆಯಿತು. ಅದೇ ಯಂತ್ರ ಎರಡು ತಿಂಗಳ ಹಿಂದೆ ಎಷ್ಟಿತ್ತು, ಇನ್ನೆರಡು ಅಂಗಡಿಗಳಲ್ಲಿ ಎಷ್ಟಿದೆ ಎಂಬುದೇ ನಿಜವಾದ ಅಳತೆ. "ಬಡ್ಡಿಯಿಲ್ಲದ ಕಂತು" ಕೂಡ ಹಾಗೆಯೇ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿ ಬೇರೆ ಹೆಸರಿನಲ್ಲಿ ಅಡಗಿರುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿತ್ತು. ನಗದು ಕೊಟ್ಟರೆ ಎಷ್ಟು ಎಂದು ಕೇಳಿ ನೋಡಿ, ಅಡಗಿದ್ದು ಹೊರಬರುತ್ತದೆ.

ಮಂಗಳೂರಿನಲ್ಲಿ 800 ರೂಪಾಯಿ ಕಡಿಮೆಗೆ ಸಿಕ್ಕಿತು ಎಂದು ಸಂತೋಷಪಡುವ ಮೊದಲು, ಹಾಳಾದಾಗ ಎರಡು ಸಲ ಹೋಗಿಬರುವ ಬಸ್ಸಿನ ಹಣ, ಒಂದು ದಿನದ ರಜೆ ಇವನ್ನೂ ಕೂಡಿಸಿ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದ್ದು ನಮಗೆಲ್ಲ ನೆನಪಿದೆ. ಆಸ್ಪತ್ರೆಯ ದಾರಿಯೇ ಇಲ್ಲದಿದ್ದ ಆ ದಿನಗಳ ಎದುರು ಕಾಫಿ ಯಂತ್ರ ಯಾವ ಲೆಕ್ಕ? ಆದರೂ ಅದು ಕಲಿಸಿದ ಪಾಠ ಸಣ್ಣ ವಿಷಯಗಳಿಗೂ ಸಲ್ಲುತ್ತದೆ. ಆಚೆ ಬದಿಯಲ್ಲಿರುವುದನ್ನೇ ನಂಬಿ ಮನೆ ನಡೆಸಬಾರದು.

ಕಾನೂನು ನಮ್ಮ ಕಡೆ ಬಂದಿದೆ

ಒಂದು ಒಳ್ಳೆಯ ಸುದ್ದಿಯನ್ನು ನಮ್ಮವರು ಇನ್ನೂ ಸರಿಯಾಗಿ ಗಮನಿಸಿಲ್ಲ. 1986ರ ಹಳೆಯ ಗ್ರಾಹಕ ಕಾನೂನಿನಲ್ಲಿ, ಮಾರಿದವನು ಎಲ್ಲಿದ್ದಾನೋ ಅಥವಾ ವ್ಯವಹಾರ ಎಲ್ಲಿ ನಡೆಯಿತೋ ಅಲ್ಲಿ ದೂರು ಕೊಡಬೇಕಿತ್ತು. ಮಂಗಳೂರಿನಲ್ಲಿ ಕೊಂಡದ್ದಕ್ಕೆ ಮಂಗಳೂರಿಗೇ ಅಲೆಯಬೇಕು. ಸೋತು ಬಿಟ್ಟವರೇ ಹೆಚ್ಚು. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಂದು ಜಾರಿಗೆ ಬಂತು. ಅದರ ಪ್ರಕಾರ ದೂರುದಾರ ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಯಂತ್ರವನ್ನು ಮಂಗಳೂರಿನಲ್ಲಿ ಕೊಳ್ಳಿ, ಬೆಂಗಳೂರಿನಲ್ಲಿ ಕೊಳ್ಳಿ, ಮುಂಬಯಿಯಿಂದ ಆನ್‌ಲೈನಿನಲ್ಲಿ ತರಿಸಿ, ದೂರು ಕಾಸರಗೋಡಿನಲ್ಲೇ ಆಗುತ್ತದೆ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು ಅಷ್ಟೆ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ನನಗನ್ನಿಸುವುದು, ಗಡಿಯ ಎರಡೂ ಬದಿಗೆ ಕಾಲಿಟ್ಟು ಬದುಕುವವರಿಗೆ ಇಷ್ಟು ನೇರವಾಗಿ ಒದಗುವ ಕಾನೂನು ಇನ್ನೊಂದಿಲ್ಲ. ಆದರೆ ಬಿಲ್ಲು ಬೇಕು! "ಬಿಲ್ಲಿಲ್ಲದಿದ್ದರೆ ಐನೂರು ಕಡಿಮೆ" ಎಂದರೆ ಒಪ್ಪಬೇಡಿ. ಆ ಐನೂರಕ್ಕೆ ನೀವು ಮಾರುತ್ತಿರುವುದು ನಿಮ್ಮ ಹಕ್ಕನ್ನು.

ಗಲ್ಫಿನಿಂದ, ಅಮೆರಿಕದಿಂದ, ಸೆಕೆಂಡ್ ಹ್ಯಾಂಡಿನಿಂದ

ನಮ್ಮ ಜಿಲ್ಲೆಯಲ್ಲಿ ಗಲ್ಫಿನ ನಂಟಿಲ್ಲದ ಊರಿಲ್ಲ. ದುಬೈಯಿಂದ ಬರುವವರು ಯಂತ್ರ ತಂದುಕೊಟ್ಟರೆ ವಿದ್ಯುತ್ತಿನ ತೊಂದರೆ ಇಲ್ಲ. ಅಲ್ಲಿಯೂ ನಮ್ಮಂತೆಯೇ 230 ವೋಲ್ಟಿನ ಆಸುಪಾಸು, 50 ಹರ್ಟ್ಜ್. ಪ್ಲಗ್ಗಿನ ಆಕಾರ ಮಾತ್ರ ಬೇರೆ. ಅಡಾಪ್ಟರ್ ಸಿಕ್ಕಿಸಿ ಬಳಸದೆ ತಿಳಿದವರಿಂದ ಪ್ಲಗ್ಗನ್ನೇ ಬದಲಾಯಿಸಿ. ಆದರೆ ಅಲ್ಲಿಯ ವಾರಂಟಿ ಸಾಮಾನ್ಯವಾಗಿ ಇಲ್ಲಿ ನಡೆಯುವುದಿಲ್ಲ, ಅದನ್ನು ಬೆಲೆಯಲ್ಲಿ ಕಳೆದು ನೋಡಿ. ಅಮೆರಿಕದಿಂದ ತರಿಸಲೇಬೇಡಿ. ಅಲ್ಲಿಯದ್ದು 120 ವೋಲ್ಟ್, 60 ಹರ್ಟ್ಜ್. ಇಲ್ಲಿ ಸಿಕ್ಕಿಸಿದರೆ ಮೊದಲ ದಿನವೇ ಹೊಗೆ.

ಹಳೆಯ ಯಂತ್ರ ಕೊಳ್ಳುವುದು ನನ್ನ ಪ್ರಕಾರ ಕೆಟ್ಟ ಯೋಚನೆಯಲ್ಲ. ಉತ್ಸಾಹದಲ್ಲಿ ಕೊಂಡು ಆರು ತಿಂಗಳಿಗೆ ಬೇಸರಗೊಂಡು ಅರ್ಧ ಬೆಲೆಗೆ ಕೊಡುವವರು ಬೆಂಗಳೂರಿನಂಥ ಊರುಗಳಲ್ಲಿ ಬೇಕಾದಷ್ಟು ಜನ. ಕಣ್ಣೆದುರು ನೀರು ಕಾಯಿಸಿ, ಎರಡು ಸಲ ಕಾಫಿ ಇಳಿಸಿ ನೋಡಿ. ಹಿಡಿಕೆ ಸೇರುವ ಕಡೆ ನೀರು ಸೋರಿದರೆ ಹೆಚ್ಚಾಗಿ ಅದು ರಬ್ಬರ್ ಬಳೆಯ ಸವೆತ, ಸುಲಭದಲ್ಲಿ ಸರಿಯಾಗುತ್ತದೆ. ಯಂತ್ರದ ತಳದಿಂದ ಸೋರಿದರೆ ಬಿಟ್ಟು ಬನ್ನಿ. ಒಳಗೆ ಬಿಳಿ ಗಟ್ಟಿ ಪದರ ಕಂಡರೆ ಅದು ಗಡಸು ನೀರಿನ ಸುಣ್ಣ.

ನೀರಿನ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಯಂತ್ರಕ್ಕೆ ಅಷ್ಟಾಗಿ ಸುಣ್ಣ ಕಟ್ಟುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಕುಡಿಯುವ ಬಯಲುಸೀಮೆಯ ಊರುಗಳಲ್ಲಿ, ಅಕ್ಕಲಕೋಟೆ, ಜತ್ತ, ಆದೋನಿ ಕಡೆಯ ಬಂಧುಗಳು ಇದನ್ನು ನೋಡಿಕೊಳ್ಳಬೇಕು. ಒಂದೆರಡು ತಿಂಗಳಿಗೊಮ್ಮೆ ಸಿಟ್ರಿಕ್ ಆಮ್ಲ ಕರಗಿಸಿದ ನೀರು ಹಾಯಿಸಿ, ಆಮೇಲೆ ಎರಡು ಮೂರು ಸಲ ಬರೀ ನೀರು ಹಾಯಿಸಿದರೆ ಯಂತ್ರದ ಆಯುಷ್ಯ ಹೆಚ್ಚುತ್ತದೆ. ಖರ್ಚು ಕೆಲವೇ ರೂಪಾಯಿ. ಇದನ್ನು ಮಾಡದೆ ಕಂಪನಿಯನ್ನು ಬೈದರೆ ಏನು ಬಂತು?

ಸರ್ವಿಸ್ ಸೆಂಟರ್ ನಮ್ಮೊಳಗೇ ಇದೆ

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಮಾತಿಗೆ ಬರುತ್ತೇನೆ. ಡಬ್ಬದ ಮೇಲಿನ ವಿವರ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕೆಂಬುದು ನಿಯಮ. ಬೇರೆ ಭಾಷೆ ಸೇರಿಸಬಹುದು, ಸೇರಿಸಲೇಬೇಕೆಂದಿಲ್ಲ. ಹೀಗಾಗಿ ಕೈಪಿಡಿಯಲ್ಲಿ ಕನ್ನಡ ಸಿಗುವುದು ಅಪರೂಪ. ನಮ್ಮ ಎಷ್ಟೋ ಮನೆಗಳಲ್ಲಿ ವಾರಂಟಿ ಕಾರ್ಡು ಓದಿ ಹೇಳುವವರು ಶಾಲೆಗೆ ಹೋಗುವ ಮಕ್ಕಳೇ. ಅವರಿಗೆ "ಬಳಕೆದಾರನ ತಪ್ಪಿನಿಂದಾದ ಹಾನಿಗೆ ಅನ್ವಯಿಸದು" ಎಂಬ ಸಾಲಿನ ಅರ್ಥ ಯಾರೂ ಹೇಳಿಕೊಟ್ಟಿಲ್ಲ. ನಾವು ಪಾಠದಲ್ಲಿ ಪತ್ರಲೇಖನ ಕಲಿಸುತ್ತೇವೆ. ಒಂದು ಪತ್ರವನ್ನು ಕಂಪನಿಗೆ ಬರೆಸಬಾರದೇಕೆ? ಒಂದು ವಾರಂಟಿ ಕಾರ್ಡನ್ನು ಕನ್ನಡಕ್ಕೆ ಮಾಡಿಸಬಾರದೇಕೆ? ಅಂಕ ಕೊಡದಿದ್ದರೂ ಅದು ಬದುಕಿಗೆ ಬೇಕಾದ ಕನ್ನಡ.

ಇನ್ನೂ ಒಂದು. ಕನ್ನಡ ಮಾಧ್ಯಮದಲ್ಲಿ ಓದಿದರೆ ಏನು ಪ್ರಯೋಜನ ಎಂಬ ಪ್ರಶ್ನೆಯನ್ನು ನಾವು ಪ್ರತಿ ವರ್ಷ ಜೂನ್‌ನಲ್ಲಿ ಕೇಳಿಸಿಕೊಳ್ಳುತ್ತೇವೆ. ನಮ್ಮ ಶಾಲೆಗಳಲ್ಲಿ ಓದಿ ಐಟಿಐ ಮುಗಿಸಿ, ಪೇಟೆಯ ಮೂಲೆಯಲ್ಲಿ ಮಿಕ್ಸಿ, ಪಂಪು, ಇಸ್ತ್ರಿಪೆಟ್ಟಿಗೆ ರಿಪೇರಿ ಅಂಗಡಿ ಇಟ್ಟವರು ಎಷ್ಟು ಜನ ಇದ್ದಾರೆ! ಕಡಿಮೆ ಬೆಲೆಯ ಎಸ್ಪ್ರೆಸ್ಸೊ ಯಂತ್ರದ ಒಳಗೆ ಇರುವುದು ಒಂದು ಸಣ್ಣ ಕಂಪನ ಪಂಪು, ಒಂದು ಹೀಟರ್, ಒಂದು ಥರ್ಮೋಸ್ಟಾಟ್, ನಾಲ್ಕು ರಬ್ಬರ್ ಬಳೆ, ಎರಡು ಸ್ವಿಚ್ಚು. ಇದು ಅವರಿಗೆ ಬಾರದ ವಿದ್ಯೆಯಲ್ಲ. ಟಚ್ ಸ್ಕ್ರೀನ್ ಇರುವ, ಸ್ಕ್ರೂ ಬಿಚ್ಚಲಿಕ್ಕೂ ಬಾರದ ಯಂತ್ರಕ್ಕಿಂತ ಸ್ವಿಚ್ಚೊತ್ತುವ ಸಾದಾ ಯಂತ್ರ ಒಳ್ಳೆಯದು ಎಂದು ನಾನು ಹೇಳುವುದು ಅದಕ್ಕೇ. ವಾರಂಟಿ ಒಂದೋ ಎರಡೋ ವರ್ಷ. ಆಮೇಲಿನ ಮೂರು ವರ್ಷ ನಮ್ಮ ಶಿಷ್ಯನ ಕೈಯಲ್ಲಿ. ಅವನಿಗೆ ಕೊಡುವ 300 ರೂಪಾಯಿ ನಮ್ಮ ಊರಲ್ಲೇ ಉಳಿಯುತ್ತದೆ, ಅವನ ಮಗು ನಮ್ಮ ಶಾಲೆಗೇ ಬರುತ್ತದೆ.

ನನ್ನದೊಂದು ಸಲಹೆ. ಪ್ರತಿ ಶಾಲೆಯ ರಕ್ಷಕ ಶಿಕ್ಷಕ ಸಂಘ ಒಂದು ನೋಟ್ ಪುಸ್ತಕ ಇಡಲಿ. ಯಾವ ವಸ್ತು, ಎಷ್ಟಕ್ಕೆ ಕೊಂಡದ್ದು, ಎಷ್ಟು ದಿನ ಬಂತು, ಯಾರು ಸರಿಮಾಡಿದರು, ಎಷ್ಟಾಯಿತು. ಅಷ್ಟೇ. ಐದು ವರ್ಷ ಬರುತ್ತದೆ ಎಂದು ಯಾರು ಹೇಳಿದ್ದು ಎಂಬ ಆ ಪ್ರಶ್ನೆಗೆ ಜಾಹೀರಾತು ಉತ್ತರ ಕೊಡುವುದಿಲ್ಲ, ಈ ಪುಸ್ತಕ ಕೊಡುತ್ತದೆ.

ಬೀಜ ನಮ್ಮದೇ

ಕೊನೆಗೆ, ಇಟಲಿಯ ಕಾಫಿ ಎಂದು ಹೀಯಾಳಿಸುವವರಿಗೆ ಒಂದು ಮಾತು. ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುತ್ತ ಬಂದ ದೇಶ ಇಟಲಿಯೇ. ಕೊಡಗಿನ, ವಯನಾಡಿನ ರೊಬಸ್ಟಾ ಅವರ ಎಸ್ಪ್ರೆಸ್ಸೊಗೆ ಮೈಯನ್ನೂ ಕೆನೆಯನ್ನೂ ಕೊಡುತ್ತದೆ. ಮಂಗಳೂರಿನ ಕಾಫಿ ಗೋದಾಮುಗಳಲ್ಲಿ ಮಳೆಗಾಲದ ತೇವದ ಗಾಳಿಗೆ ಹರಡಿ ಹದಮಾಡಿದ ಮಾನ್ಸೂನ್ಡ್ ಮಲಬಾರ್ ಅಲ್ಲಿಯ ಮಿಶ್ರಣಗಳಲ್ಲಿ ಹೆಸರುವಾಸಿ. ಅಂದರೆ ನಮ್ಮ ಮಳೆ ಕುಡಿದ ಬೀಜ ಹಡಗು ಹತ್ತಿ ಹೋಗಿ, ಗುಳಿಗೆಯಾಗಿ ಹತ್ತು ಪಟ್ಟು ಬೆಲೆಗೆ ಹಿಂದೆ ಬಂದರೂ ಆಶ್ಚರ್ಯವಿಲ್ಲ. 2024-25ರಲ್ಲಿ ರೊಬಸ್ಟಾ ಬೆಲೆ ಜಗತ್ತಿನ ಮಾರುಕಟ್ಟೆಯಲ್ಲಿ ದಾಖಲೆ ಏರಿತು. ಬೆಳೆದವರಿಗೆ ಬಹಳ ವರ್ಷಗಳ ನಂತರ ಉಸಿರು ಬಂತು. ಆದ್ದರಿಂದ ಉಳಿಸುವುದಿದ್ದರೆ ಯಂತ್ರದ ಬೆಡಗಿನಲ್ಲಿ ಉಳಿಸಿ, ಬೀಜದ ಬೆಲೆಯಲ್ಲಿ ಚೌಕಾಸಿ ಬೇಡ. ವಯನಾಡಿನ ಕನ್ನಡಿಗರ ತೋಟದಿಂದಲೋ ಕೊಡಗಿನ ಸಣ್ಣ ಬೆಳೆಗಾರರಿಂದಲೋ ನೇರ ತರಿಸಿದರೆ ಇನ್ನೂ ಒಳ್ಳೆಯದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಸರಿಯೇ. ಆದರೆ ಹಾಸಿಗೆ ಎಷ್ಟುದ್ದ ಎಂದು ಅಳೆಯಬೇಕಾದವರು ನಾವು, ಅಂಗಡಿಯವರಲ್ಲ. ಈ ಲೆಕ್ಕವೆಲ್ಲ ಮಾಡಿದ ಮೇಲೂ ಯಂತ್ರ ಬೇಕು ಅನ್ನಿಸಿದರೆ ಧಾರಾಳವಾಗಿ ಕೊಳ್ಳಿ, ಖುಷಿಯಾಗಿ ಕುಡಿಯಿರಿ. ಬೇಡ ಅನ್ನಿಸಿದರೆ 8 ಪೈಸೆಯ ಫಿಲ್ಟರ್ ಇದ್ದೇ ಇದೆ. ನಿಮ್ಮ ಊರಿನಲ್ಲಿ ಯಾವ ಯಂತ್ರ ಎಷ್ಟು ವರ್ಷ ಬಂತು, ಯಾರು ಸರಿಮಾಡಿಕೊಟ್ಟರು, ತಿಳಿಸಿ. ನಮ್ಮ ನೋಟ್ ಪುಸ್ತಕದ ಮೊದಲ ಪುಟ ಖಾಲಿ ಇದೆ.